ಮೇಲ್ಭಾಗದ ರೈತ ಮತ್ತು ನಿನ್ನ ಇಂಗ್ಲಿಷ್ ಪದಗಳು

ಗಂಗಾವತಿ

ಪ್ರೀತಿಯ ತಂಗಿ,

ನಿನ್ನ ಇಂಗ್ಲಿಷ್ ಕಥೆ ಓದಿದೆ. 'ಕ್ರೂಯಲಿ' (ಕ್ರೂರವಾಗಿ) ಪುಟಪುಟಕ್ಕೂ ಬರ್ತಿದೆ, ಅದರ ಬದಲು ಹಾಕೋಕೆ ಬೇರೆ ಪದಗಳ ಪಟ್ಟಿ ಕಳಿಸಿ ಅಂತ ಕೇಳಿದ್ದೀಯ. ಪಟ್ಟಿ ಯಾವ ಡಿಕ್ಷನರಿಯಲ್ಲಾದರೂ ಸಿಗುತ್ತೆ. ನಿನ್ನ ತೊಂದರೆ ಬೇರೆ ಇದೆ. ನಿನ್ನ ಕಥೆಯಲ್ಲಿ, ನೀರು ಮೊದಲು ಸಿಗೋ ಮೇಲ್ಭಾಗದ ದೊಡ್ಡ ರೈತ ತುಂಗಭದ್ರಾ ಎಡದಂಡೆ ಕಾಲುವೆಗೆ ರಾತ್ರಿ ಪಂಪ್‌ಸೆಟ್ ಹಚ್ಚಿ ನೀರು ಎಳೆಯುತ್ತಾನೆ. ನಿಮ್ಮ ಮಾನ್ವಿ ಕಡೆಯ ಕೊನೆಯ ಹೊಲಗಳು ಒಣಗುತ್ತವೆ. ಅವನು ಯಾಕೆ ಹಾಗೆ ಮಾಡ್ತಾನೆ ಅನ್ನೋದನ್ನ ನೀನಿನ್ನೂ ತೀರ್ಮಾನಿಸಿಲ್ಲ. ಅದಕ್ಕೇ ಒಂದು ಕಡೆ 'ಮಲಿಷಿಯಸ್ಲಿ', ಇನ್ನೊಂದು ಕಡೆ 'ರೂತ್‌ಲೆಸ್ಲಿ', ಮುಂದಿನ ಪುಟದಲ್ಲಿ 'ಸೇಡಿಸ್ಟಿಕಲಿ'.

ಇವು ಒಂದರ ಜಾಗದಲ್ಲಿ ಇನ್ನೊಂದು ಕೂರುವ ಪದಗಳಲ್ಲ. ಮಲಿಷಿಯಸ್ಲಿ ಅಂದ್ರೆ ಎದುರಿನವನು ಹಾಳಾಗಲಿ ಅಂತಲೇ ಮಾಡೋದು. ರೂತ್‌ಲೆಸ್ಲಿಯಲ್ಲಿ ಗುರಿ ಬೇರೆಯೇ ಇರುತ್ತೆ, ದಾರಿಗೆ ಯಾರು ಅಡ್ಡ ಬಂದರೂ ಮುಲಾಜಿಲ್ಲ. ಇಂಗ್ಲಿಷಿನವರು ಒಳ್ಳೆಯ ಎಡಿಟರನ್ನ ಹೊಗಳುವಾಗಲೂ ಇದನ್ನ ಬಳಸ್ತಾರೆ. ಕ್ಯಾಲಸ್ಲಿ ಅಂದ್ರೆ ಎದುರಿಗಿದ್ದವರ ನೋವು ತಟ್ಟದೇ ಇರೋದು. ಜಡ್ಡುಗಟ್ಟಿದ ಚರ್ಮಕ್ಕೆ ಲ್ಯಾಟಿನ್ನಿನಲ್ಲಿದ್ದ ಪದದಿಂದ ಅದು ಬಂದಿದೆ. ಸೇಡಿಸ್ಟಿಕಲಿ ಅನ್ನೋಕೆ ನೋವು ನೋಡಿ ಖುಷಿ ಪಡಬೇಕು. ನಿನ್ನ ರೈತ ಕೆಳಗಿನ ಊರಿಗೆ ಹೋಗಿ ಒಣಗಿದ ಪೈರು ನೋಡಿ ಬಂದ ದೃಶ್ಯವೇ ಕಥೆಯಲ್ಲಿಲ್ಲ. ಖುಷಿ ಎಲ್ಲಿಂದ ಬಂತು?

ನಾನು ಮೇಲ್ಭಾಗದವನು, ಅದು ನಿನಗೂ ಗೊತ್ತು. ನಮ್ಮ ಕಡೆಯವರ ಪರ ವಕಾಲತ್ತು ಅಂತ ಬೇಕಾದ್ರೆ ಅಂದುಕೋ. ಆದರೆ ಇಲ್ಲಿನ ಚಹಾದಂಗಡಿಯಲ್ಲಿ ಕೇಳಿದರೆ ಅಂಥ ರೈತ ಏನಂತಾನೆ ಗೊತ್ತಾ? "ನಾನೇನ್ ಅವ್ರ ಹೊಲಾ ಒಣಗ್ಲಿ ಅಂದೀನೇನು? ನನ್ನ ಗದ್ದಿಗಿ ನೀರು ಬೇಕಿತ್ತು, ಹರಿಸೀನಿ." ಇದು ಪೂರ್ತಿ ಸುಳ್ಳಲ್ಲ. ಕಾಲುವೆ ಯೋಜಿಸಿದಾಗ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳ ಲೆಕ್ಕವೇ ಜಾಸ್ತಿ ಇತ್ತು. ಎಲ್ಲರೂ ಭತ್ತ ಹಾಕ್ತಾರೆ ಅಂತ ಯಾರೂ ಲೆಕ್ಕ ಹಾಕಿರಲಿಲ್ಲ. ನೀರು ಮೊದಲು ಸಿಕ್ಕವರು ಭತ್ತ ಹಾಕಿದರು, ಲಾಭ ಕಂಡರು, ಬಿಡಲಿಲ್ಲ. ಅಕ್ಕಿ ಗಿರಣಿಗಳು ಬಂದವು. ಈಗ ಆ ರೈತ ಕೆಳಗಿನವರನ್ನ ದ್ವೇಷಿಸಬೇಕಾಗಿಯೇ ಇಲ್ಲ, ಅವರ ನೆನಪು ಬರದಿದ್ದರೆ ಸಾಕು. ಅವನ ಕ್ರೌರ್ಯ ಇರೋದು ಅಲ್ಲಿ. ಅದನ್ನ ಹೇಳೋಕೆ ಕ್ರಿಯಾವಿಶೇಷಣವೇ ಬೇಡ. ಅವನು ಮೋಟಾರ್ ಚಾಲೂ ಮಾಡಿ, ಮಗಳ ಫೀಸಿನ ಬಗ್ಗೆ ಹೆಂಡತಿ ಹತ್ತಿರ ಫೋನಲ್ಲಿ ಮಾತಾಡ್ತಾ ಬದುವಿನ ಮೇಲೆ ನಡೆದು ಹೋಗಲಿ. ನಿಮ್ಮೂರಿನ ಓದುಗನ ಹೊಟ್ಟೆ ಉರಿಯೋಕೆ ಅಷ್ಟು ಸಾಕು.

ಕಾನೂನು ಕೂಡ ಇಲ್ಲಿ ದ್ವೇಷವನ್ನ ಹುಡುಕಲ್ಲ. ಬೇಸಾಯದ ನೀರನ್ನ ಅಕ್ರಮವಾಗಿ ತಿರುಗಿಸೋದಕ್ಕೆ 1860ರ ಭಾರತೀಯ ದಂಡ ಸಂಹಿತೆಯಲ್ಲಿ 430ನೇ ಕಲಂ ಇತ್ತು, 5 ವರ್ಷದವರೆಗೆ ಜೈಲು. 2024ರ ಜುಲೈ 1ರಿಂದ ಅದರ ಬದಲು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಅಪರಾಧ ಉಳಿದಿದೆ. ನಷ್ಟ ಮಾಡಬೇಕು ಅನ್ನೋ ಉದ್ದೇಶವೇ ಇರಬೇಕಿಲ್ಲ. ಇದರಿಂದ ಇನ್ನೊಬ್ಬನಿಗೆ ನಷ್ಟ ಆಗಬಹುದು ಅಂತ ತಿಳಿದೂ ಮಾಡಿದರೆ ಸಾಕು. ನಿನ್ನ ಠಾಣೆಯ ದೃಶ್ಯದಲ್ಲಿ ಸಬ್ ಇನ್ಸ್‌ಪೆಕ್ಟರ್ "ಮಲಿಷಿಯಸ್ಲಿ ಮಾಡಿದ್ಯಾ?" ಅಂತ ಕೇಳ್ತಾನಲ್ಲ, ಅದನ್ನ ತೆಗಿ. "ಕೆಳಗೆ ಹೊಲ ಇದಾವಂತ ಗೊತ್ತಿತ್ತೋ ಇಲ್ಲೋ?" ಅಂತ ಕೇಳಲಿ. ಆ ಪ್ರಶ್ನೆಗೆ ನಿನ್ನ ರೈತನ ಹತ್ತಿರ ಉತ್ತರ ಇಲ್ಲ.

'ಸ್ಯಾವೇಜ್ಲಿ', 'ವಿಲನಸ್ಲಿ' ಎರಡನ್ನೂ ಹೊಡೆದು ಹಾಕು. ಮೊದಲನೆಯದರ ಮೂಲದಲ್ಲಿ ಇರೋದು ಕಾಡು. ಕಾಡಿನ ಜನ ಅಂದ್ರೆ ಕ್ರೂರಿಗಳು ಅಂತ ನಂಬಿದವರು ಬೆಳೆಸಿದ ಅರ್ಥ ಅದು. ಎರಡನೆಯದು ಇನ್ನೂ ತಮಾಷೆ: ವಿಲನ್ ಅಂದ್ರೆ ಮೊದಲು ಜಮೀನ್ದಾರನ ಹೊಲದಲ್ಲಿ ದುಡಿಯೋ ಹಳ್ಳಿಯವನು! ರೈತರ ಕಥೆಯಲ್ಲಿ ಆ ಪದ ಯಾಕಮ್ಮಾ? 'ಬ್ರೂಟಲಿ'ಯನ್ನ 'ಬ್ರೂಟಲಿ ಆನೆಸ್ಟ್' ಅಂತ ಬಳಸಿ ಬಳಸಿ ಮೊಂಡು ಮಾಡಿಬಿಟ್ಟಿದ್ದಾರೆ. ಪೊಲೀಸ್ ಏಟಿನ ಹತ್ತಿರ ಇದ್ದರೆ ಇರಲಿ.

ಒಂದನ್ನ ಮಾತ್ರ ಮುಟ್ಟಬೇಡ. ದೂರು ಕೊಟ್ಟ ಮೇಲೆ ರೈತನ ತಮ್ಮ ತೂಬು ತೆಗೆದು, ತಮಗೂ ಬೇಡ ಕೆಳಗಿನವರಿಗೂ ಬೇಡ ಅಂತ ನೀರನ್ನ ಹಳ್ಳಕ್ಕೆ ಬಿಡ್ತಾನಲ್ಲ, ಅಲ್ಲಿ 'ಸ್ಪೈಟ್‌ಫುಲಿ' ಬರೆದಿದ್ದೀಯ. ಅದು ಸರಿಯಾಗಿದೆ. ಅವನಿಗೆ ಲಾಭ ಏನೂ ಇಲ್ಲ, ಬರೀ ಹೊಟ್ಟೆಕಿಚ್ಚು. ಆ ಒಂದು ಪದ ಇಲ್ಲದಿದ್ದರೆ ತೂಬು ಮುಚ್ಚೋಕೆ ಮರೆತ ಅಂತಲೂ ಯಾರಾದರೂ ಓದಿಕೊಂಡಾರು.

ತಿದ್ದಿದ ಪ್ರತಿ ಕಳಿಸು.

ನಿನ್ನ
ಅಣ್ಣ