ಗೆಳೆಯನಿಗೊಂದು ಪತ್ರ: ಯಂತ್ರದ ಮುಂದೆ ತೋಡಿಕೊಂಡ ನೋವು

ಪ್ರೀತಿಯ ಗೆಳೆಯನಿಗೆ,

ನಿದ್ದೆ ಬಾರದ ರಾತ್ರಿಗಳಲ್ಲಿ ಚಾಟ್‌ಜಿಪಿಟಿಯ ಮುಂದೆ ಮಕ್ಕಳಾಗದ ದುಃಖ ತೋಡಿಕೊಳ್ಳುತ್ತಿರುವುದಾಗಿ ಬರೆದಿದ್ದೀಯೆ. ಮಡದಿಗೆ ಹೇಳಲಾಗದ್ದನ್ನು ಅದಕ್ಕೆ ಹೇಳುವುದು ತಪ್ಪೇ ಎಂದೂ ಕೇಳಿದ್ದೀಯೆ. ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಬಾಳಿನ ಯಾವುದಾದರೊಂದು ಹಂತದಲ್ಲಿ ಬಂಜೆತನವನ್ನು ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ಹೀಗಿದ್ದರೂ ವೀರ್ಯ ಪರೀಕ್ಷೆಯ ವರದಿ ಹಿಡಿದು ಬಂದ ಗಂಡಸನ್ನು ಕೂರಿಸಿಕೊಂಡು ಅವನ ಮನಸ್ಸು ಹೇಗಿದೆಯೆಂದು ವಿಚಾರಿಸುವವರು ತೀರ ಅಪರೂಪ.

ಯಂತ್ರದ ಮುಂದೆ ಮನಸ್ಸು ಬಿಚ್ಚಿಕೊಳ್ಳುವುದು ಹೊಸದೂ ಅಲ್ಲ. ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಪರಿಚಯಿಸಿದ ಎಲಿಜಾ ಎಂಬ ಪ್ರೋಗ್ರಾಂ ನಾವು ಟೈಪ್ ಮಾಡಿದ್ದನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳುತ್ತಿತ್ತು. ಅಷ್ಟಕ್ಕೇ ಜನ ಅದರೊಡನೆ ಅಂತರಂಗವನ್ನು ಹಂಚಿಕೊಂಡರು.

ನನ್ನ ಆತಂಕವೆಲ್ಲ ಪ್ರಯೋಗಾಲಯದಲ್ಲಿ ಬೆಳೆಸಿದ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಿದ ನಂತರ ರಕ್ತಪರೀಕ್ಷೆಗಾಗಿ ಕಾಯುವ, ಹೆಚ್ಚುಕಡಿಮೆ ಎರಡು ವಾರಗಳ ಬಗ್ಗೆ. ಆಗ ಕಾಣಿಸುವ ಎದೆಯ ಭಾರ, ಕಿಬ್ಬೊಟ್ಟೆಯ ಸೆಳೆತ ಗರ್ಭದ ಸೂಚನೆಯೂ ಆಗಿರಬಹುದು, ಚಿಕಿತ್ಸೆಗೆಂದು ಕೊಡುವ ಪ್ರೊಜೆಸ್ಟೆರಾನ್ ಹಾರ್ಮೋನಿನ ಪರಿಣಾಮವೂ ಆಗಿರಬಹುದು. ಪರೀಕ್ಷೆಗೆ ಮೊದಲು ವೈದ್ಯರೂ ಅದನ್ನು ಬೇರ್ಪಡಿಸಿ ಹೇಳಲಾರರು. ಆದರೆ ಕೃತಕ ಬುದ್ಧಿಮತ್ತೆಗೆ ಕೇಳುವವರ ಒಲವಿನತ್ತ ವಾಲುವ ಗುಣವಿದೆ: ಆಸೆಯಿಂದ ಕೇಳಿದರೆ ಆಸೆಯನ್ನೂ, ಭಯದಿಂದ ಕೇಳಿದರೆ ಭಯಕ್ಕೆ ಕಾರಣಗಳನ್ನೂ ಜೋಡಿಸಿಕೊಡುತ್ತದೆ. ಆದ್ದರಿಂದ ‘ಈ ಸಲ ಆಗುತ್ತದೆಯೇ’ ಎಂಬ ಪ್ರಶ್ನೆಯೊಂದನ್ನು ದಯವಿಟ್ಟು ಅದರ ಮುಂದಿಡಬೇಡ.

ಇನ್ನೊಂದು ಮಾತು. ಚಿಂತೆ ಬಿಟ್ಟರೆ ಮಗು ತಾನಾಗಿ ಆಗುತ್ತದೆಂದು ನೆಂಟರು ನಿನ್ನ ಮಡದಿಗೆ ಹೇಳುತ್ತಲೇ ಇದ್ದಾರಲ್ಲ, ಅದನ್ನೇ ಯಂತ್ರವೂ ನಯವಾಗಿ ಹೇಳಿದರೆ ನಂಬಬೇಡ. ಬ್ರಿಟಿಷ್ ಮೆಡಿಕಲ್ ಜರ್ನಲ್ 2011ರಲ್ಲಿ ಪ್ರಕಟಿಸಿದ, 14 ಅಧ್ಯಯನಗಳ 3,500ಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ, ಚಿಕಿತ್ಸೆಗೆ ಮೊದಲಿನ ಮಾನಸಿಕ ಯಾತನೆಗೂ ಆ ಸುತ್ತಿನ ಫಲಿತಾಂಶಕ್ಕೂ ಸಂಬಂಧ ಕಂಡುಬರಲಿಲ್ಲ. ಅವಳ ಕಣ್ಣೀರು ಯಾವ ಸೋಲಿಗೂ ಕಾರಣವಲ್ಲವೆಂದು ನಿನ್ನ ಬಾಯಿಂದಲೇ ಹೇಳು.

ಹೇಗೆ ಆರಂಭಿಸುವುದೆಂದು ತೋಚದಿದ್ದರೆ ಆ ಮಾತನ್ನು ಬರೆದು ತಿದ್ದಿಕೊಳ್ಳಲು ಯಂತ್ರದ ನೆರವು ಪಡೆ; ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಹೊಂದಿಸಲೂ ಅದು ಒಳ್ಳೆಯ ಜೊತೆ. ವರದಿಗಳನ್ನು ಹಾಕುವಾಗ ಹೆಸರುಗಳನ್ನು ತೆಗೆದುಬಿಡು. ಬದುಕೇ ಬೇಡವೆನ್ನಿಸಿದ ಗಳಿಗೆಯಲ್ಲಿ ಮಾತ್ರ ಯಂತ್ರವನ್ನು ಬದಿಗಿಟ್ಟು, ಎಷ್ಟು ಹೊತ್ತಾಗಿದ್ದರೂ ನನಗೆ ಕರೆ ಮಾಡು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ನಿಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸುವ ಆಪ್ತಸಮಾಲೋಚಕರು ಅಲ್ಲಿದ್ದಾರೆಯೇ ಎಂದು ವಿಚಾರಿಸಿ ನನಗೆ ಬರೆ.

ನಿನ್ನವ