ಹೊಯ್ಗೆ ಮೇಲಿನ ವಿಶ್ವಕಪ್

ಪ್ರಿಯ ಓದುಗರೇ,

ದುಬೈಯಲ್ಲಿ ಕ್ರಿಕೆಟ್ ಪಂದ್ಯ ಇದೆ ಅಂದರೆ ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ನಿದ್ದೆ ಇರುವುದಿಲ್ಲ. ಟಿಕೆಟ್ ಎಲ್ಲಿ, ಪಾರ್ಕಿಂಗ್ ಎಲ್ಲಿ, ಯಾರ ಕಾರಿನಲ್ಲಿ ಜಾಗ ಇದೆ, ಎಲ್ಲ ಚರ್ಚೆ ಆಗುತ್ತದೆ. ಆದರೆ 2024ರ ಫೆಬ್ರವರಿಯಲ್ಲಿ ಇದೇ ಊರಿನಲ್ಲಿ ಬೀಚ್ ಸಾಕರ್, ಅಂದರೆ ಮರಳಿನ ಮೇಲಿನ ಫುಟ್‌ಬಾಲ್‌ನ ವಿಶ್ವಕಪ್ಪೇ ನಡೆದುಹೋಯಿತು. 15ರಿಂದ 25ರವರೆಗೆ, ಡಿಸೈನ್ ಡಿಸ್ಟ್ರಿಕ್ಟಿನಲ್ಲಿ ಮರಳಿನ ಅಂಕಣ ಕಟ್ಟಿ, 16 ದೇಶಗಳ ಪುರುಷರ ತಂಡಗಳು ಆಡಿದವು. ಫೈನಲ್‌ನಲ್ಲಿ ಬ್ರೆಜಿಲ್ 6-4ರಿಂದ ಇಟಲಿಯನ್ನು ಸೋಲಿಸಿತು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದರ ಸುದ್ದಿ ಬಂತು? ಬಹಳ ಕಮ್ಮಿ ಅಂತ ನನ್ನ ಅಂದಾಜು. ಅದಕ್ಕೇ ಈ ಸಂಚಿಕೆಯಲ್ಲಿ ಬೀಚ್ ಸಾಕರ್ ಬಗ್ಗೆ ಬರೆಯಬೇಕು ಅನ್ನಿಸಿತು.

ದುಬೈಗೆ ಈ ಆಟ ಹೊಸದಲ್ಲ. 2009ರಲ್ಲೂ ವಿಶ್ವಕಪ್ ಇಲ್ಲೇ ನಡೆದಿತ್ತು. 2011ರಲ್ಲಿ ಇಲ್ಲೇ ಇಂಟರ್‌ಕಾಂಟಿನೆಂಟಲ್ ಕಪ್ ಶುರುವಾಯಿತು. ಬೇರೆ ಬೇರೆ ಖಂಡಗಳ ಬಲಿಷ್ಠ ತಂಡಗಳನ್ನು ಕರೆಸಿ, ಮರಳಿನ ಮೇಲೆ ಎದುರುಬದುರು ನಿಲ್ಲಿಸುವ ಪಂದ್ಯಾವಳಿ ಅದು. ಮೊದಲ ಎರಡು ಸಲ ರಷ್ಯಾ ಗೆದ್ದಿತು. 2022ರ ಫೈನಲ್‌ನಲ್ಲಿ ಇರಾನ್ 2-1ರಿಂದ ಬ್ರೆಜಿಲನ್ನೇ ಕೆಡವಿತು. ಹುಲ್ಲಿನ ಮೇಲಿನ ಫುಟ್‌ಬಾಲ್‌ನಲ್ಲಿ ಇರಾನ್ ಬ್ರೆಜಿಲನ್ನು ಫೈನಲ್‌ನಲ್ಲಿ ಸೋಲಿಸುವುದನ್ನು ಯಾರಾದರೂ ಊಹಿಸುತ್ತಾರಾ? ಮರಳಿನ ಮೇಲೆ ಇಂಥದ್ದು ನಡೆಯುತ್ತದೆ.

ಆಟ ಸರಳ. ಒಂದೊಂದು ತಂಡಕ್ಕೆ ಗೋಲ್‌ಕೀಪರ್ ಸೇರಿ 5 ಜನ. 12 ನಿಮಿಷದ 3 ಅವಧಿ. ಎಲ್ಲರೂ ಬರಿಗಾಲು. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಯಾಕೆಂದರೆ ಆ ಮರಳಿನಲ್ಲಿ ಎರಡು ನಿಮಿಷ ಓಡಿದರೆ ತೊಡೆ ಬಿಗಿದುಕೊಳ್ಳುತ್ತದೆ. ಡ್ರಾ ಅನ್ನುವುದೇ ಇಲ್ಲ. ಸಮ ಆದರೆ ಹೆಚ್ಚುವರಿ 3 ನಿಮಿಷ, ಆಮೇಲೆ ಪೆನಾಲ್ಟಿ. ಒಂದು ಪಂದ್ಯದಲ್ಲಿ ಏಳೆಂಟು ಗೋಲು ಬಂದರೆ ಅದು ಮಾಮೂಲು.

ನಮ್ಮ ಮಲ್ಪೆಯಲ್ಲೋ ಪಣಂಬೂರಿನಲ್ಲೋ ಸಂಜೆ ಹುಡುಗರು ಆಡುವುದನ್ನು ನೀವು ನೋಡಿರುತ್ತೀರಿ. ಅವರು ನೀರಿನ ಹತ್ತಿರ, ಅಲೆ ಹಿಂದೆ ಸರಿದ ಮೇಲೆ ಗಟ್ಟಿಯಾಗುವ ಒದ್ದೆ ಹೊಯ್ಗೆಯ ಮೇಲೆ ಆಡುತ್ತಾರೆ. ಅಲ್ಲಿ ಚೆಂಡು ಚೆನ್ನಾಗಿ ಉರುಳುತ್ತದೆ. ಅಂತಾರಾಷ್ಟ್ರೀಯ ಪಂದ್ಯದ ಅಂಕಣ ಹಾಗಿರುವುದಿಲ್ಲ. ಅಲ್ಲಿರುವುದು ಒಣ, ಸಡಿಲ ಮರಳು. ಕಲ್ಲು, ಕಪ್ಪೆಚಿಪ್ಪು ಇರಬಾರದು. ಕಡಿಮೆ ಅಂದರೂ 40 ಸೆಂಟಿಮೀಟರ್ ಆಳ ಬೇಕು. ಅದರ ಮೇಲೆ ಚೆಂಡನ್ನು ನೆಲದಲ್ಲೇ ಪಾಸ್ ಮಾಡಿದರೆ ಮೂರು ಮಾರು ಹೋಗುವಷ್ಟರಲ್ಲಿ ಯಾವುದೋ ಹೆಜ್ಜೆ ಗುಂಡಿಗೆ ಬಿದ್ದು ಎತ್ತಲೋ ತಿರುಗುತ್ತದೆ. ಹಾಗಾಗಿ ಆಟವೆಲ್ಲ ಗಾಳಿಯಲ್ಲಿ. ಕಾಲ್ಬೆರಳಲ್ಲಿ ಚೆಂಡನ್ನು ಚಿಮ್ಮಿಸಿ ಎತ್ತಬೇಕು, ಎದೆಯಲ್ಲಿ ತಡೆಯಬೇಕು, ಕೆಳಗೆ ಬೀಳುವ ಮೊದಲೇ ಒದೆಯಬೇಕು. ಹುಲ್ಲಿನ ಮೇಲೆ ಅಪರೂಪಕ್ಕೆ ಕಾಣುವ ಬೈಸಿಕಲ್ ಕಿಕ್, ಅಂದರೆ ಹಿಂದಕ್ಕೆ ಹಾರಿ ತಲೆಯ ಮೇಲಿಂದ ಚೆಂಡು ಒದೆಯುವುದು, ಇಲ್ಲಿ ದಿನನಿತ್ಯದ ಕೆಲಸ. ಬೆನ್ನು ಅಡಿಯಾಗಿ ಬಿದ್ದರೂ ಮರಳು ಹಿಡಿದುಕೊಳ್ಳುತ್ತದಲ್ಲ!

ಒಂದು ಫ್ರೀ ಕಿಕ್ಕನ್ನು ಹತ್ತಿರದಿಂದ ನೋಡಬೇಕು. ಆಟಗಾರ ಮಂಡಿಯೂರಿ ಕೂರುತ್ತಾನೆ. ಎರಡೂ ಕೈಯಲ್ಲಿ ಮರಳು ಬಾಚಿ ಪುಟ್ಟ ಗುಡ್ಡೆ ಮಾಡುತ್ತಾನೆ. ಅದರ ನೆತ್ತಿಯನ್ನು ಅಂಗೈಯಲ್ಲಿ ತಟ್ಟಿ, ಚೆಂಡನ್ನು ಮೆಲ್ಲಗೆ ಇಡುತ್ತಾನೆ. ಎದುರಾಳಿಗಳು ಮುಂದೆ ಸಾಲಾಗಿ ನಿಂತು ಅಡ್ಡಗಟ್ಟುವಂತಿಲ್ಲ, ನಿಯಮವೇ ಹಾಗಿದೆ. ಅಂಕಣದ ಉದ್ದವೇ ಹೆಚ್ಚೆಂದರೆ 37 ಮೀಟರ್, ಅಂದರೆ ಎಲ್ಲಿಂದ ಒದ್ದರೂ ಗೋಲ್‌ಕೀಪರಿಗೆ ಉಸಿರು ಬಿಗಿಹಿಡಿಯುವ ಹೊತ್ತು. ಮಕ್ಕಳಿಗೆ ಇದು ತೋರಿಸಿ. ಎರಡನೇ ಸಲ ತೋರಿಸಿ ಅಂತ ಅವರೇ ಕೇಳುತ್ತಾರೆ.

ನನಗೆ ಈ ಆಟದಲ್ಲಿ ತುಂಬಾ ಇಷ್ಟದ ತಂಡ ಬ್ರೆಜಿಲ್ ಅಲ್ಲ, ತಹೀತಿ. ಪೆಸಿಫಿಕ್ ಸಾಗರದ ನಡುವಿನ ದ್ವೀಪ. ಅಲ್ಲಿನ ಜನಸಂಖ್ಯೆ ಸುಮಾರು 2 ಲಕ್ಷ. ನಮ್ಮ ಮಂಗಳೂರಿನ ಅರ್ಧದಷ್ಟೂ ಇಲ್ಲ. 2013ರಲ್ಲಿ ವಿಶ್ವಕಪ್ಪನ್ನು ತಮ್ಮ ಪಪೀತೆ ನಗರದಲ್ಲೇ ನಡೆಸಿ ನಾಲ್ಕನೇ ಸ್ಥಾನಕ್ಕೆ ಬಂದರು. ಮನೆಯಂಗಳದ ಆಟ, ಅದೃಷ್ಟ ಅಂದವರೂ ಇದ್ದಿರಬಹುದು. 2015ರಲ್ಲಿ ಪೋರ್ಚುಗಲ್‌ನ ಎಸ್ಪಿನ್ಯೊದಲ್ಲಿ ಫೈನಲ್ ತಲುಪಿದರು. ಆತಿಥೇಯರ ಎದುರು 5-3ರಿಂದ ಸೋತರು. ಆ ಸಲ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿ ತಹೀತಿಯ ಜೊನಾಥನ್ ಟೊರೊಹಿಯಾಗೆ ಹೋಯಿತು. 2017ರಲ್ಲಿ ಬಹಾಮಾಸ್‌ನಲ್ಲಿ ಮತ್ತೆ ಫೈನಲ್! ಬ್ರೆಜಿಲ್ ಕೈಯಲ್ಲಿ 6-0 ಸೋಲು, ನಿಜ. ಆದರೆ ಸತತ ಎರಡು ವಿಶ್ವಕಪ್ ಫೈನಲ್ ಆಡಿದ ಇಷ್ಟು ಚಿಕ್ಕ ಊರನ್ನು ಬೇರೆ ಯಾವ ಆಟದಲ್ಲಿ ತೋರಿಸುತ್ತೀರಿ?

ಅವರಿಗೆ ಸುತ್ತ ಕಡಲಿದೆ, ಅದಕ್ಕೇ ಅಂತ ಹೇಳಿ ಸುಮ್ನಾಗುವ ಹಾಗೂ ಇಲ್ಲ. 2009ರಲ್ಲಿ ದುಬೈಯಲ್ಲೇ ಬ್ರೆಜಿಲ್ ವಿರುದ್ಧ ಫೈನಲ್ ಆಡಿದ್ದು ಯಾರು ಗೊತ್ತಾ? ಸ್ವಿಟ್ಜರ್ಲೆಂಡ್. 2025ರ ಮೇ ತಿಂಗಳಲ್ಲಿ ಸೇಶೆಲ್ಸ್‌ನಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲಿ ಬ್ರೆಜಿಲನ್ನು ಕೊನೆಯವರೆಗೆ ಕಾಡಿ 4-3ರಿಂದ ಸೋತದ್ದು ಬೆಲಾರುಸ್. ಎರಡಕ್ಕೂ ಒಂದು ಗೇಣು ಸಮುದ್ರ ತೀರವಿಲ್ಲ. ಮರಳು ತಂದು ಸುರಿದರು, ಅಂಕಣ ಮಾಡಿದರು, ಹುಡುಗರನ್ನು ಇಳಿಸಿದರು, ಲೀಗ್ ನಡೆಸಿದರು. ಕಡಲು ಇದ್ದರೆ ಅನುಕೂಲ. ಆದರೆ ತಂಡ ಬೆಳೆಯುವುದು ವರ್ಷ ಪೂರ್ತಿ ಆಡುವ ಜಾಗ ಇದ್ದಾಗ, ಕಲಿಸುವವರು ಇದ್ದಾಗ.

ನಮ್ಮ ದೇಶದ ಕಥೆ ಇಲ್ಲಿಂದ ನೋಡಿದರೆ ಹೊಟ್ಟೆ ಉರಿಯುತ್ತದೆ. ಭಾರತ 2007ರಲ್ಲಿ ಏಷ್ಯಾ ಮಟ್ಟದ ಟೂರ್ನಿಯಲ್ಲಿ ಆಡಿದ್ದು ಇದೇ ದುಬೈಯಲ್ಲಿ. ಮತ್ತೆ ಆ ಮಟ್ಟಕ್ಕೆ ಬರಲು 18 ವರ್ಷ ಬೇಕಾಯಿತು, 2025ರಲ್ಲಿ ಥಾಯ್ಲೆಂಡಿನ ಪಟ್ಟಾಯಕ್ಕೆ. ವಿಶ್ವಕಪ್ಪಿಗೆ ಇನ್ನೂ ಒಂದು ಸಲವೂ ಅರ್ಹತೆ ಸಿಕ್ಕಿಲ್ಲ. ಪುರುಷರ ರಾಷ್ಟ್ರೀಯ ಬೀಚ್ ಸಾಕರ್ ಚಾಂಪಿಯನ್‌ಶಿಪ್ ಅಂತ ಒಂದು ಶುರುವಾದದ್ದೇ 2023ರಲ್ಲಿ, ಸೂರತ್‌ನಲ್ಲಿ. ಗೆದ್ದದ್ದು ಕೇರಳ. ಪಕ್ಕದ ಮನೆಯವರು! ಕಾರವಾರದಿಂದ ಉಳ್ಳಾಲದವರೆಗೆ ನಮಗೂ 300 ಕಿಲೋಮೀಟರಿಗಿಂತ ಜಾಸ್ತಿ ಕರಾವಳಿ ಇದೆ. ಕರ್ನಾಟಕಕ್ಕೆ ಫುಟ್‌ಬಾಲ್ ಬರುವುದಿಲ್ಲ ಅಂತಲೂ ಅಲ್ಲ. 2023ರ ಮಾರ್ಚ್‌ನಲ್ಲಿ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಫೈನಲ್ ಕೊಲ್ಲಿಯ ನೆಲದಲ್ಲೇ, ರಿಯಾದ್‌ನಲ್ಲಿ ನಡೆದಾಗ ನಮ್ಮ ಹುಡುಗರು ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಕಪ್ ತಂದರು. ಮರಳಿನ ಮೇಲೂ ಅಷ್ಟೇ ಗಂಭೀರವಾಗಿ ಕೈಹಾಕಬೇಕು ಅಂತ ನನ್ನ ಒತ್ತಾಯ. ಕರಾವಳಿಯ ಒಂದೊಂದು ಜಿಲ್ಲೆಯಲ್ಲಿ ಒಂದೊಂದು ಕಾಯಂ ಅಂಕಣ ಸಾಕು. ಎರಡು ಗೋಲು ಕಂಬ, ಬಲೆ, ಜರಡಿ ಹಿಡಿದ ಮರಳು, ಸಂಜೆಗೆ ನಾಲ್ಕು ದೀಪ. ಕೋಟಿಗಟ್ಟಲೆ ಹಣದ ಕ್ರೀಡಾಂಗಣ ಯಾರೂ ಕೇಳುತ್ತಿಲ್ಲ. ಊರಿನಲ್ಲಿ ಯುವಕ ಮಂಡಲಗಳ ಜೊತೆ ನಂಟಿರುವವರು, ಪಂಚಾಯತಿಯಲ್ಲಿ ಮಾತು ನಡೆಯುವವರು ನಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಶಾಲೆಗೆ ಕಂಪ್ಯೂಟರ್, ದೇವಸ್ಥಾನಕ್ಕೆ ಚಪ್ಪರ ಕೊಟ್ಟವರೂ ಇದ್ದೀರಿ. ಮುಂದಿನ ಸಲ ರಜೆಗೆ ಹೋದಾಗ ಈ ಮಾತನ್ನೂ ಎತ್ತಿ.

ಇಲ್ಲಿ ನಾವು ಮಾಡಬಹುದಾದ್ದನ್ನು ಮಾಡೋಣ. ಈ ಚಳಿಗಾಲದ ಕ್ರೀಡಾಕೂಟದಲ್ಲಿ ಹಗ್ಗಜಗ್ಗಾಟ, ಲಗೋರಿಯ ಜೊತೆ ಮಕ್ಕಳ ಬೀಚ್ ಸಾಕರನ್ನೂ ಸೇರಿಸಲು ಕಾರ್ಯಕಾರಿ ಸಮಿತಿ ಒಪ್ಪಿದೆ. 10ರಿಂದ 15 ವರ್ಷದವರು ಹೆಸರು ಕೊಡಬಹುದು. ಅವಧಿ 12 ನಿಮಿಷದ ಬದಲು 8 ನಿಮಿಷ ಇರುತ್ತದೆ. ಬಿಸಿಲು ಇಳಿದ ಮೇಲೆಯೇ ಆಟ, ಕಾದ ಮರಳಿನಲ್ಲಿ ಬರಿಗಾಲಲ್ಲಿ ಯಾರನ್ನೂ ಇಳಿಸುವುದಿಲ್ಲ. ಹೆಣ್ಣುಮಕ್ಕಳು ಹಿಂಜರಿಯಬೇಡಿ. ಹೆಸರು ಕಮ್ಮಿ ಬಂದರೆ ಮಿಶ್ರ ತಂಡ ಮಾಡುತ್ತೇವೆ. ರೆಫರಿ ಆಗಲು ಇಬ್ಬರು, ಅವಧಿಗಳ ನಡುವೆ ಮರಳು ಸಮ ಮಾಡಲು ನಾಲ್ವರು ಬೇಕಾಗಿದ್ದಾರೆ. ಆಸಕ್ತಿ ಇರುವ ಅಪ್ಪ ಅಮ್ಮಂದಿರು ಕ್ರೀಡಾ ಕಾರ್ಯದರ್ಶಿಯವರಿಗೆ ಈ ವಾರವೇ ತಿಳಿಸಿ.