ಹೆಸರು ಬೇಡವೆಂದವರಿಗೆ

ನೇಪಾಳದ ದುರ್ಗಮ ಗುಡ್ಡಗಾಡು ಜಿಲ್ಲೆ ಹುಮ್ಲಾದ ಮಕ್ಕಳ ಓದು, ಹಾಸ್ಟೆಲು ಎರಡರ ಖರ್ಚನ್ನೂ ಹೊತ್ತು, ಹೆಸರು ಮಾತ್ರ ಹಾಕಬೇಡಿ ಎಂದಿರಿ. ಸರಿ, ಹಾಕುವುದಿಲ್ಲ.

ನೇಪಾಳದಲ್ಲಿ ಶಾಲೆ ಶುರುವಾಗುವುದು ಬೈಶಾಖದಲ್ಲಿ, ಏಪ್ರಿಲ್ ನಡುವಿಗೆ. ಜೂನ್‌ನಲ್ಲಿ ಬರುವ ದುಡ್ಡು ಪ್ರವೇಶಕ್ಕೆ ಒದಗದು. ನೀವು ಮಾರ್ಚ್‌ನಲ್ಲೇ ಕಳಿಸಿದಿರಿ, ಹತ್ತನೇ ತರಗತಿಯ ಎಸ್‌ಇಇ ಪರೀಕ್ಷೆ ಮುಗಿಯುವವರೆಗೂ ಒಪ್ಪಿಕೊಂಡಿರಿ. ನೆರವು ನಡುವೆ ನಿಂತರೆ ಮಗುವನ್ನು ಊರಿಗೆ ಕಳಿಸುವುದೂ ಸುಲಭವಲ್ಲ: ಬಯಲಿನ ನೇಪಾಳ್‌ಗಂಜ್‌ನಿಂದ ಹುಮ್ಲಾದ ಸಿಮಿಕೋಟ್‌ಗೆ ಪುಟ್ಟ ವಿಮಾನ, ಮೋಡ ಕವಿದರೆ ಅದೂ ಇಲ್ಲ.

ಫೀಸು ಎಲ್ಲರಿಗೂ ನೆನಪಿರುತ್ತದೆ. ದಶೈಂ (ನೇಪಾಳದ ದಸರಾ) ರಜೆಯಲ್ಲಿ ಹಾಸ್ಟೆಲಲ್ಲೇ ಉಳಿಯುವವರ ಊಟ, ಉಣ್ಣೆಯ ಕಾಲುಚೀಲ, ಹೇನಿನ ಔಷಧಿ ಯಾರ ಲೆಕ್ಕದಲ್ಲೂ ಇರುವುದಿಲ್ಲ, ನಿಮ್ಮ ಲೆಕ್ಕದಲ್ಲಿತ್ತು. ಆ ಔಷಧಿಯನ್ನು ಒಬ್ಬಳಿಗಷ್ಟೇ ಹಚ್ಚಿದರೆ ವ್ಯರ್ಥ. ಕೋಣೆಯಲ್ಲಿ ಹೇನಿದ್ದವರಿಗೆಲ್ಲ ಒಂದೇ ದಿನ ಹಚ್ಚಬೇಕು, ಒಂಬತ್ತನೇ ದಿನ ಇನ್ನೊಮ್ಮೆ. ಸೀರು ಸಾಯುವುದಿಲ್ಲ, ಒಡೆದು ಮರಿಯಾಗುತ್ತದೆ. ಎರಡನೇ ಸುತ್ತಿನ ಬಾಟಲಿಗೂ ನೀವೇ ದುಡ್ಡಿಟ್ಟಿದ್ದಿರಿ!

ಇನ್ನೊಂದಕ್ಕೆ ವಿಶೇಷ ಕೃತಜ್ಞತೆ. ಅಪ್ಪ ಅಮ್ಮ ಇರುವ ಹುಮ್ಲಾದ ಮಕ್ಕಳನ್ನೇ ದಲ್ಲಾಳಿಗಳು ಸುಳ್ಳು ಕಾಗದ ಮಾಡಿಸಿ 'ಅನಾಥ'ರೆಂದು ಕಾಠ್ಮಂಡುವಿಗೆ ಸಾಗಿಸಿದ್ದುಂಟು. ಅದಕ್ಕೇ ನೀವು ಮೊದಲು ಕೇಳಿದ್ದು ಫೋಟೊ ಅಲ್ಲ, ವಾರ್ಡ್ ಕಚೇರಿಯ ಜನನ ಪತ್ರ, ಹೆತ್ತವರ ಒಪ್ಪಿಗೆ. ತಿಂಗಳಿಗೊಮ್ಮೆ ಮನೆಗೆ ಫೋನ್ ಮಾಡಿಸುವ ಖರ್ಚನ್ನೂ ಸೇರಿಸಿದಿರಿ.